25 ಸಾವಿರದೊಳಗೆ ಮೊದಲ ಎಲೆಕ್ಟ್ರಿಕ್ ಗಿಟಾರ್: ಬಳ್ಳಾರಿ ಬಿಸಿಲಿಗೆ ಯಾವ ಮಾಡೆಲ್ ತಡೆಯುತ್ತೆ?

ಬಳ್ಳಾರಿ_ಹೊಸಬ

ಎಲ್ಲರಿಗೂ ನಮಸ್ಕಾರ. ಊರು ಬಳ್ಳಾರಿ. ಅಕೌಸ್ಟಿಕ್‌ನಲ್ಲಿ ಓಪನ್ ಕಾರ್ಡ್, ಬಾರೆ ಕಾರ್ಡ್ ಎರಡೂ ಕೈಗೆ ಕೂತಿವೆ. ಈಗ ಎಲೆಕ್ಟ್ರಿಕ್ ತಗೊಳ್ಳಬೇಕು. ಇರೋದು 25,000 ರೂಪಾಯಿ. ಗಿಟಾರ್, ಆಂಪ್, ಕೇಬಲ್, ಬ್ಯಾಗ್ ಎಲ್ಲ ಅದರೊಳಗೇ ಮುಗೀಬೇಕು.

ನುಡಿಸೋದು ಸಿನಿಮಾ ಹಾಡು. ಕ್ಲೀನ್ ಟೋನಲ್ಲಿ ಆರ್ಪೆಜಿಯೊ (ಕಾರ್ಡಿನ ಸ್ವರಗಳು ಒಂದೊಂದಾಗಿ), ರಿದಮ್, ಅಲ್ಲಲ್ಲಿ ಡಿಸ್ಟಾರ್ಷನ್ ಹಾಕಿ ಲೀಡ್. ಮುಂದೆ ಗಣೇಶ ಹಬ್ಬದ ಆರ್ಕೆಸ್ಟ್ರಾಗಳಿಗೆ ಹೋಗೋ ಆಸೆ ಇದೆ.

ನೋಡಿಟ್ಟಿರೋದು ನಾಲ್ಕು: ಸ್ಕ್ವಾಯರ್ ಸಾನಿಕ್ ಸ್ಟ್ರಾಟೋಕಾಸ್ಟರ್, ಯಮಹಾ ಪೆಸಿಫಿಕಾ 012, ಐಬನೆಜ್ ಜಿಆರ್‌ಜಿ 121, ಎಪಿಫೋನ್ ಲೆಸ್ ಪಾಲ್ ಸ್ಪೆಷಲ್. ಕಾಗದದ ಮೇಲೆ ನೋಡಿದರೆ ಎಲ್ಲಾ ಒಂದೇ ಥರ ಕಾಣ್ತಾವೆ. ಒಂದೊಂದು ವಿಡಿಯೋ ನೋಡಿದಾಗ ಒಂದೊಂದು ಚೆನ್ನಾಗಿದೆ ಅನಿಸುತ್ತೆ. ಆಂಪ್ ಬದಲು ಮನೆಯಲ್ಲಿರೋ ಹೋಮ್ ಥಿಯೇಟರಿಗೇ ಹಾಕಿದರೆ ನಡೆಯುತ್ತಾ? ಇಲ್ಲಿನ ಏಪ್ರಿಲ್, ಮೇ ಬಿಸಿಲಿಗೆ ನೆಕ್ ಬಾಗುತ್ತೆ ಅಂತಾರೆ, ನಿಜವಾ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ರಾಯಚೂರು_ಫ್ರೆಟ್

ಮೊದಲು ದುಡ್ಡು ಹಂಚಿಕೊಳ್ಳಿ, ಮಾಡೆಲ್ ಆಮೇಲೆ. ಗಿಟಾರಿಗೆ 16ರಿಂದ 17 ಸಾವಿರ. ಆಂಪಿಗೆ 5ರಿಂದ 6 ಸಾವಿರ. ಉಳಿದಿದ್ದರಲ್ಲಿ 3 ಮೀಟರ್ ಕೇಬಲ್, ದಪ್ಪ ಪ್ಯಾಡಿಂಗ್ ಇರುವ ಬ್ಯಾಗ್, ಕ್ಲಿಪ್ ಟ್ಯೂನರ್, ಎರಡು ಸೆಟ್ ತಂತಿ, ಒಂದು ಫೀಲರ್ ಗೇಜ್. ಫೀಲರ್ ಗೇಜ್ ಅಂದ್ರೆ ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡೋಕೆ ಇಟ್ಟುಕೊಂಡಿರುವ ತೆಳು ಉಕ್ಕಿನ ಎಲೆಗಳ ಕಟ್ಟು. ಆಟೊ ಸ್ಪೇರ್ಸ್ ಅಂಗಡಿಯಲ್ಲಿ ಸಿಗುತ್ತೆ. ಅದರಲ್ಲಿ 0.25 ಮಿ.ಮೀ. ಎಲೆ ಇರಲೇಬೇಕು. ಯಾಕೆ ಅನ್ನೋದು ಕೆಳಗೆ ಬರುತ್ತೆ.

ಈಗ ಮಾಡೆಲ್‌ಗಳು. ಈ ದರದ ಗಿಟಾರ್‌ಗಳಲ್ಲಿ ಮರದ ಹೆಸರು ನೋಡಿ ಆರಿಸಬೇಡಿ. ಪಾಪ್ಲರ್ ಆದರೂ ಅಷ್ಟೇ, ಬೇರೆಯದಾದರೂ ಅಷ್ಟೇ. ಕೈಗೂ ಕಿವಿಗೂ ಗೊತ್ತಾಗೋದು ನಾಲ್ಕೇ ಸಂಗತಿ: ಪಿಕಪ್ (ತಂತಿಯ ಕಂಪನ ಹಿಡಿಯೋ ಅಯಸ್ಕಾಂತ, ಕಾಯಿಲ್) ಜೋಡಣೆ, ಬ್ರಿಡ್ಜ್ (ಬಾಡಿ ಕಡೆ ತಂತಿ ಕೂರೋ ಜಾಗ) ಯಾವ ಥರದ್ದು, ಸ್ಕೇಲ್ ಅಂದ್ರೆ ನುಡಿಯೋ ತಂತಿಯ ಉದ್ದ, ಫ್ರೆಟ್ ಕೆಲಸ ಎಷ್ಟು ಶುದ್ಧವಾಗಿದೆ.

ಸಾನಿಕ್ ಸ್ಟ್ರಾಟ್‌ನಲ್ಲಿ ಮೂರೂ ಸಿಂಗಲ್ ಕಾಯಿಲ್ ಪಿಕಪ್, 21 ಫ್ರೆಟ್, ಆರು ಸ್ಕ್ರೂ ಟ್ರೆಮೊಲೊ (ಸ್ಪ್ರಿಂಗ್ ಮೇಲೆ ಅಲುಗೋ ಬ್ರಿಡ್ಜ್), 25.5 ಇಂಚು ಸ್ಕೇಲ್. ಕ್ಲೀನ್ ಆರ್ಪೆಜಿಯೊಗೆ ಈ ಗಂಟೆ ಬಾರಿಸಿದಂಥ ನಾದ ಬೇರೆ ಯಾವುದರಲ್ಲೂ ಬರೋದಿಲ್ಲ. ಆದರೆ ಸಿಂಗಲ್ ಕಾಯಿಲ್ ಅಂದಮೇಲೆ ಗುಂಯ್ ಅನ್ನೋ 50 ಹರ್ಟ್ಜ್ ಗುಂಗು ಜೊತೆಗೇ ಬರುತ್ತೆ. ಡಿಸ್ಟಾರ್ಷನ್ ಹಾಕಿದ ಕೂಡಲೇ ಅದು ಹಾಡಿಗಿಂತ ಮುಂದೆ ನಿಲ್ಲುತ್ತೆ. ಸಾನಿಕ್‌ನಲ್ಲೇ ಬ್ರಿಡ್ಜ್ ಕಡೆ ಹಂಬಕರ್ (ಎರಡು ಕಾಯಿಲ್ ಸೇರಿಸಿ ಗುಂಗು ಕಳೆಯೋ ಪಿಕಪ್) ಇರುವ ಎಚ್‌ಎಸ್‌ಎಸ್, ಟ್ರೆಮೊಲೊ ಇಲ್ಲದ ಹಾರ್ಡ್‌ಟೇಲ್ ಕೂಡ ಬರುತ್ತವೆ. ಸಾನಿಕ್ ಬೇಕೇ ಬೇಕು ಅಂದ್ರೆ ಇವೆರಡರಲ್ಲಿ ಒಂದನ್ನು ಹುಡುಕಿ.

ಪೆಸಿಫಿಕಾ 012 ಮೊದಲಿನಿಂದಲೇ ಎಚ್‌ಎಸ್‌ಎಸ್: ಬ್ರಿಡ್ಜ್ ಹತ್ತಿರ ಹಂಬಕರ್, ಮಧ್ಯೆ ಮತ್ತು ನೆಕ್ ಕಡೆ ಸಿಂಗಲ್ ಕಾಯಿಲ್. 22 ಫ್ರೆಟ್, 25.5 ಇಂಚು. ನೆಕ್ ಕಡೆಯ ಪಿಕಪ್‌ನಲ್ಲಿ ಆರ್ಪೆಜಿಯೊ, ಸ್ವಿಚ್ ಹಿಂದಕ್ಕೆ ತಳ್ಳಿದರೆ ಗುಂಗಿಲ್ಲದ ಲೀಡ್. ನೀವು ಹೇಳಿದ ಎರಡೂ ಕೆಲಸಕ್ಕೆ ನೇರವಾಗಿ ಹೊಂದೋದು ಇದು.

ಜಿಆರ್‌ಜಿ 121ರಲ್ಲಿ ಎರಡು ಹಂಬಕರ್, 24 ಫ್ರೆಟ್, ಫಿಕ್ಸೆಡ್ ಬ್ರಿಡ್ಜ್. ಟ್ಯೂನಿಂಗ್ ವಿಷಯದಲ್ಲಿ ಈ ನಾಲ್ಕರಲ್ಲಿ ಕಡಿಮೆ ತಕರಾರು ಇದರದ್ದೇ. ಕ್ಲೀನ್ ಟೋನ್ ಮಾತ್ರ ಸ್ವಲ್ಪ ದಪ್ಪ. ಗಟ್ಟಿ ರಾಕ್ ನುಡಿಸೋರಿಗೆ ಕಣ್ಣು ಮುಚ್ಚಿ ಹೇಳಬಹುದು, ನಿಮಗೆ ಎರಡನೇ ಆಯ್ಕೆ.

ಎಪಿಫೋನ್ ಲೆಸ್ ಪಾಲ್ ಸ್ಪೆಷಲ್‌ಗೆ ಸ್ಕೇಲ್ 24.75 ಇಂಚು. ಅದೇ ತಂತಿ, ಅದೇ ಸ್ವರ, ಆದರೆ ಎಳೆತ ಸುಮಾರು 6 ಪ್ರತಿಶತ ಕಡಿಮೆ. ಬೆರಳಿಗೆ ಹಗುರ ಅನ್ನೋದು ನಿಜ. ಆದರೆ ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿರುತ್ತೆ, ಕೊರಿಯರ್‌ನಲ್ಲಿ ಪೆಟ್ಟು ಬಿದ್ದರೆ ಬಿರುಕು ಬಿಡೋದು ಅಲ್ಲೇ. ಜೊತೆಗೆ ಮೂರನೇ ಮತ್ತು ನಾಲ್ಕನೇ ತಂತಿಗಳು ನಟ್ (ಹೆಡ್‌ಸ್ಟಾಕ್ ಬುಡದಲ್ಲಿ ತಂತಿ ಕೂರೋ ಪಟ್ಟಿ) ದಾಟಿದ ಮೇಲೆ ಹೊರಕ್ಕೆ ತಿರುಗಿ ಪೆಗ್‌ಗೆ ಹೋಗ್ತಾವೆ. ಆ ತಿರುವಿನಲ್ಲಿ ತಂತಿ ಕಚ್ಚಿಕೊಳ್ಳುತ್ತೆ, ಬೆಂಡ್ ಮಾಡಿ (ಅಡ್ಡಕ್ಕೆ ಎಳೆದು) ಬಿಟ್ಟ ಮೇಲೆ ಜಿ ತಂತಿ ಶ್ರುತಿಗೆ ವಾಪಸ್ ಬರೋದಿಲ್ಲ. ನಟ್‌ನ ಕಚ್ಚಿನಲ್ಲಿ ಪೆನ್ಸಿಲ್ ಸೀಸ ಉಜ್ಜಿದರೆ ಅರ್ಧ ಸರಿಹೋಗುತ್ತೆ.

ನನ್ನ ಮಾತು: ಪೆಸಿಫಿಕಾ 012.

ಇನ್ನು ಬಿಸಿಲು. ನೆಕ್ ಬಾಗೋದು ಬಿಸಿಲಿಗಲ್ಲ, ಒಣಗಾಳಿಗೆ. ಗಾಳಿಯಲ್ಲಿ 45ರಿಂದ 55 ಪ್ರತಿಶತ ತೇವ ಇದ್ದರೆ ಗಿಟಾರ್ ಮರ ಆರಾಮಾಗಿರುತ್ತೆ. ನಮ್ಮ ಕಡೆ ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಹೊತ್ತು ಅಷ್ಟು ತೇವ ಎಲ್ಲಿ ಬರಬೇಕು? ಫ್ರೆಟ್‌ಬೋರ್ಡ್ ಒಣಗಿ ಅಡ್ಡಕ್ಕೆ ಕುಗ್ಗುತ್ತೆ, ಲೋಹದ ಫ್ರೆಟ್ ಕುಗ್ಗೋದಿಲ್ಲ. ಆಗ ನೆಕ್‌ನ ಅಂಚಿನಲ್ಲಿ ಫ್ರೆಟ್ ತುದಿಗಳು ಹೊರಗೆ ಚಾಚಿ, ಕೈ ಜಾರಿಸಿದರೆ ಗರಗಸದ ಹಲ್ಲು ಸವರಿದ ಹಾಗೆ ತರಚುತ್ತವೆ. ಜೊತೆಗೆ ನೆಕ್ ನೇರವಾಗಿ, ಇಲ್ಲವೇ ಹಿಂದಕ್ಕೆ ಬಾಗಿ, ಮೊದಲ ಐದು ಫ್ರೆಟ್‌ಗಳಲ್ಲಿ ತಂತಿ ಝರ್ ಅನ್ನುತ್ತೆ. ಮಳೆಗಾಲ ಶುರುವಾದರೆ ಇದಕ್ಕೆ ತಿರುಗುಮುರುಗು: ಮರ ತೇವ ಕುಡಿದು ನೆಕ್ ಮುಂದಕ್ಕೆ ಬಾಗುತ್ತೆ, ತಂತಿ ಎತ್ತರ ಏರುತ್ತೆ. ವರ್ಷಕ್ಕೆ ಎರಡು ಸಲ ಟ್ರಸ್ ರಾಡ್ (ನೆಕ್‌ನೊಳಗೆ ಬಾಗು ಸರಿಪಡಿಸೋ ಸರಳು) ಮುಟ್ಟಬೇಕಾಗಿ ಬರಬಹುದು, ಅದಕ್ಕೆ ಹೆದರಬೇಡಿ. ಅದು ಕೆಟ್ಟುಹೋದ ಲಕ್ಷಣ ಅಲ್ಲ.

ಕೆಡಿಸೋದು ಕೂಲರ್. ಮಧ್ಯಾಹ್ನ ನೀರಿನ ಕೂಲರ್ ಹಾಕಿ ಕೋಣೆಯನ್ನ ತೇವ ಮಾಡಿ, ಕರೆಂಟ್ ಹೋದಾಗ ಮತ್ತೆ ಒಣಗಿಸಿ, ಹೀಗೆ ದಿನಕ್ಕೆ ಎರಡು ಸಲ ಆದರೆ ಮರ ಸುಮ್ಮನೆ ಇರೋದಿಲ್ಲ. ಕೂಲರ್ ಗಾಳಿ ನೇರ ಬೀಳೋ ಜಾಗ ಬೇಡ, ಪಡುವಣ ಗೋಡೆ ಬೇಡ, ಆರ್‌ಸಿಸಿ ತಾರಸಿಯ ಕೆಳಗಿನ ಅಟ್ಟ ಅಂತೂ ಬೇಡವೇ ಬೇಡ. ಬ್ಯಾಗ್‌ನೊಳಗೆ ಹಾಕಿ ಜಿಪ್ ಎಳೆದು ಕೋಣೆಯ ಒಳಗೋಡೆ ಪಕ್ಕ ಇಡಿ. ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗೋದು ಇಲ್ಲಿನ ಮೇ ತಿಂಗಳಲ್ಲಿ ಮಾಡಲೇಬಾರದ ಕೆಲಸ. ಮುಚ್ಚಿದ ಕಾರಿನೊಳಗಿನ ಶಾಖಕ್ಕೆ ಮರದ ಅಂಟೇ ಮೆತ್ತಗಾಗಬಹುದು.

ಸ್ಪೆಕ್ ಪಟ್ಟಿಯಲ್ಲಿ ಫ್ರೆಟ್‌ಬೋರ್ಡ್ ‘ಇಂಡಿಯನ್ ಲಾರೆಲ್’ ಅಂತ ಕಂಡರೆ ಕೀಳು ಮರ ಅಂದುಕೊಳ್ಳಬೇಡಿ. ಅದು ನಮ್ಮ ಕರಿಮತ್ತಿ. ಬೀಟೆ ಜಾತಿಯ ಮರಗಳು 2017ರಲ್ಲಿ ಸೈಟಿಸ್ (ಅಪಾಯದಲ್ಲಿರುವ ಜೀವಜಾತಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ನಿರ್ಬಂಧದೊಳಗೆ ಬಂದಾಗ ಕಂಪನಿಗಳು ಬೇರೆ ಮರ ಹುಡುಕಿದವು. ಪೂರ್ತಿ ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು, ಆದರೂ ಕಡಿಮೆ ದರದ ಗಿಟಾರುಗಳಲ್ಲಿ ಮತ್ತಿ ಉಳಿದುಕೊಂಡಿತು. ಒಳ್ಳೇ ಗಟ್ಟಿ ಮರ. ಆರು ತಿಂಗಳಿಗೊಮ್ಮೆ ಬಟ್ಟೆಗೆ ನಾಲ್ಕು ಹನಿ ಮಿನರಲ್ ಆಯಿಲ್ ಹಾಕಿ ಒರೆಸಿ, ಹತ್ತು ನಿಮಿಷ ಬಿಟ್ಟು ಒಣಬಟ್ಟೆಯಲ್ಲಿ ತೆಗೆಯಿರಿ. ಕೊಬ್ಬರಿ ಎಣ್ಣೆ ಬೇಡ, ಮರದೊಳಗೆ ಕಮಟು ಹಿಡಿಯುತ್ತೆ. ಮೇಪಲ್ ಬೋರ್ಡ್‌ಗೆ ವಾರ್ನಿಶ್ ಇರುತ್ತೆ, ಅದಕ್ಕೆ ಎಣ್ಣೆಯೇ ಬೇಡ.

ಕೊಪ್ಪಳ_ವೈರ್‌ಮನ್

ಹೋಮ್ ಥಿಯೇಟರ್ ಪ್ರಶ್ನೆಗೆ ನೇರ ಉತ್ತರ: ಸದ್ದು ಬರುತ್ತೆ, ಗಿಟಾರ್ ಬರೋದಿಲ್ಲ.

ಕಾರಣ ಇಂಪಿಡೆನ್ಸ್, ಅಂದ್ರೆ ಸಿಗ್ನಲ್‌ಗೆ ಸಿಗೋ ತಡೆ. ಗಿಟಾರ್ ಪಿಕಪ್ ಅಂದ್ರೆ ಸಾವಿರಾರು ಸುತ್ತಿನ ತೆಳು ತಾಮ್ರದ ತಂತಿ. ಅದರ ಮುಂದೆ ಸುಮಾರು 1 ಮೆಗಾಓಮ್ ಇನ್‌ಪುಟ್ ಇದ್ದರೆ ಮಾತ್ರ ಎತ್ತರದ ಕಂಪನಗಳು ಉಳಿಯುತ್ತವೆ. ಹೋಮ್ ಥಿಯೇಟರಿನ ಲೈನ್ ಇನ್‌ಪುಟ್ ಹತ್ತಿಪ್ಪತ್ತು, ಹೆಚ್ಚಂದ್ರೆ ಐವತ್ತು ಕಿಲೋಓಮ್ ಆಸುಪಾಸು ಇರುತ್ತೆ. ಮೇಲಿನ ಕಂಪನ ಎಲ್ಲ ಅಲ್ಲೇ ಸೋರಿಹೋಗಿ, ಕಂಬಳಿ ಹೊದಿಸಿ ನುಡಿಸಿದ ಹಾಗೆ ಮಂಕಾಗಿ ಕೇಳುತ್ತೆ. ಇನ್ನೊಂದು ಕಡೆ, ಗಿಟಾರ್ ಆಂಪಿನ ಸ್ಪೀಕರ್ 5 ಕಿಲೋಹರ್ಟ್ಜ್ ಮೇಲಿನದನ್ನು ತಾನಾಗೇ ತಗ್ಗಿಸುತ್ತೆ. ಹೋಮ್ ಥಿಯೇಟರಿನ ಟ್ವೀಟರ್ ತಗ್ಗಿಸೋದಿಲ್ಲ. ಅದಕ್ಕೇ ಪೆಡಲ್ ಹಾಕಿ ಡಿಸ್ಟಾರ್ಷನ್ ಕೊಟ್ಟರೆ ತಗಡು ಕೆರೆದ ಸದ್ದು.

5ರಿಂದ 6 ಸಾವಿರಕ್ಕೆ ಎರಡು ದಾರಿ. ಒಂದು, 10 ವ್ಯಾಟ್‌ನ ಪ್ರಾಕ್ಟೀಸ್ ಆಂಪ್. ಮನೆಗೆ ಧಾರಾಳ ಸಾಕು, ಹೆಡ್‌ಫೋನ್ ಸಾಕೆಟ್ ಇದೆಯಾ ಅಂತ ಮಾತ್ರ ನೋಡಿ. ಎರಡು, ಬ್ಯಾಟರಿಯಿಂದಲೂ ನಡೆಯೋ ಪುಟ್ಟ ಆಂಪ್. ಬ್ಲ್ಯಾಕ್‌ಸ್ಟಾರ್ ಫ್ಲೈ 3ಕ್ಕೆ ಆರು ಎಎ ಸೆಲ್ ಹಾಕ್ತಾರೆ. ಬಾಸ್ ಕಟಾನಾ ಮಿನಿಗೂ ಆರೇ, ಆದರೆ ಅದರ ದರ ನಿಮ್ಮ ಲೆಕ್ಕದೊಳಗೆ ಬರುತ್ತಾ ಅಂತ ಅವತ್ತಿನ ದರ ನೋಡಿ. ಜೆಸ್ಕಾಂ ಕರೆಂಟ್ ಹೋದ ಹೊತ್ತಲ್ಲಿ ಅಭ್ಯಾಸ ನಿಲ್ಲಬಾರದು ಅಂದ್ರೆ ಸೆಲ್ಲಿನದೇ ಒಳ್ಳೇದು. ಇನ್ವರ್ಟರ್ ಮೇಲೆ ಆಂಪ್ ಹಾಕಿದಾಗ ಗರ್ರ್ ಅಂದರೆ ಗಿಟಾರನ್ನು ಬೈಯಬೇಡಿ. ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ 50 ಹರ್ಟ್ಜ್‌ನ ಹಿಂದೆ ಅದರ ಮರಿಗಳ (ಅದರ ಹಲವು ಪಟ್ಟಿನ ಕಂಪನಗಳ) ಸಾಲೇ ಇರುತ್ತೆ, ಸಿಂಗಲ್ ಕಾಯಿಲ್ ಅದನ್ನೆಲ್ಲ ಹಿಡಿಯುತ್ತೆ. ಸೈನ್ ವೇವ್ ಇನ್ವರ್ಟರ್‌ನಲ್ಲಿ ಈ ಕಾಟ ಕಡಿಮೆ. ಸಣ್ಣ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಕೂಡ ಇದೇ ಕೆಲಸ ಮಾಡುತ್ತೆ. ಫ್ಯಾನ್ ಪೂರ್ತಿ ವೇಗಕ್ಕೆ ತಿರುಗಿಸಿ ನೋಡಿ. ಗುಂಗು ಇಳಿದರೆ ಅಲ್ಲಿಗೆ ಕಳ್ಳ ಸಿಕ್ಕ.

ಅರ್ಥಿಂಗ್ ವಿಷಯ ಮಾತ್ರ ತಮಾಷೆ ಅಲ್ಲ. ಗಿಟಾರ್ ತಂತಿ ಬ್ರಿಡ್ಜ್ ಮೂಲಕ, ಕೇಬಲ್ ಶೀಲ್ಡ್ ಮೂಲಕ ಆಂಪಿನ ಚಾಸಿಸ್‌ಗೆ ಸೇರಿರುತ್ತೆ. ಅಂದ್ರೆ ನೀವು ನುಡಿಸೋವಾಗ ಆಂಪಿನ ಮೈ ಹಿಡಿದುಕೊಂಡೇ ಕೂತಿರ್ತೀರಿ. ಒಂದು ಸಣ್ಣ ಪರೀಕ್ಷೆ: ತಂತಿಯ ಮೇಲಿನ ಕೈ ಎತ್ತಿದಾಗ ಗುಂಗು ಏರಿ, ಮುಟ್ಟಿದಾಗ ಇಳಿದರೆ ಗಿಟಾರ್ ವೈರಿಂಗ್ ಸರಿ ಇದೆ. ಮುಟ್ಟಿದಾಗ ಏರಿದರೆ ಬ್ರಿಡ್ಜ್‌ಗೆ ಹೋಗೋ ಗ್ರೌಂಡ್ ತಂತಿ ಬಿಟ್ಟಿದೆ, ಇಲ್ಲವೇ ಜ್ಯಾಕ್‌ನಲ್ಲಿ ತಂತಿ ಅದಲುಬದಲು. ಇನ್ನು ಆಂಪಿನ ಮೂರನೇ ಪಿನ್ ಮುರಿದು ಎರಡು ಪಿನ್ ಸಾಕೆಟ್‌ಗೆ ಹಾಕೋದು ಪ್ರಾಣದ ಜೊತೆ ಆಟ. ಪೆಂಡಾಲ್‌ನಲ್ಲಿ ಜನರೇಟರ್ ಕರೆಂಟ್ ಇರುತ್ತೆ, ಅರ್ಥ್ ಇದೆಯೋ ಇಲ್ಲವೋ ಯಾರೂ ನೋಡಿರೋದಿಲ್ಲ. ಅಲ್ಲಿ ಆಂಪ್ ಮತ್ತು ಮಿಕ್ಸರ್ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ನಿಂದ ತಗೊಳ್ಳಿ. ಹಾಡೋ ಮೊದಲು ನಿಯಾನ್ ಟೆಸ್ಟರ್ ತುದಿಯನ್ನು ಮೈಕಿನ ಜಾಲರಿಗೂ ತಂತಿಗೂ ಮುಟ್ಟಿಸಿ ನೋಡಿ. ದೀಪ ಹೊತ್ತಿದರೆ ತುಟಿ ಮೈಕಿಗೆ ತಾಗಿಸಬೇಡಿ. ಗಿಟಾರ್ ಕೆಳಗಿಟ್ಟು ಲೈನ್ ಸರಿಮಾಡಿಸಿ.

ಆರ್ಕೆಸ್ಟ್ರಾಕ್ಕೆ ಹೋಗೋ ದಿನ ಬಂದಾಗ ಪುಟ್ಟ ಆಂಪ್ ಅಲ್ಲಿ ಕೇಳೋದೇ ಇಲ್ಲ. ಆಗ ಬೇಕಾಗೋದು ಕ್ಯಾಬಿನೆಟ್ ಸಿಮ್ಯುಲೇಷನ್ (ಗಿಟಾರ್ ಸ್ಪೀಕರಿನ ಸದ್ದಿನ ಅನುಕರಣೆ) ಇರೋ ಒಂದು ಮಲ್ಟಿ ಎಫೆಕ್ಟ್ಸ್ ಪೆಡಲ್. ಅದರಿಂದ ನೇರ ಮಿಕ್ಸರಿಗೆ. ಅದನ್ನು ಇವತ್ತಿನ 25 ಸಾವಿರದಲ್ಲಿ ತುರುಕಬೇಡಿ.

ಕೇಬಲ್ ಬಗ್ಗೆ ಒಂದು ಮಾತು: 3 ಮೀಟರಿಗಿಂತ ಉದ್ದ ಬೇಡ. ಪ್ರತಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪ್ಯಾಸಿಟನ್ಸ್ ಸೇರ್ತಾ ಹೋಗುತ್ತೆ. 10 ಮೀಟರ್ ಕೇಬಲ್ ಅಂದ್ರೆ ಟೋನ್ ನಾಬ್ ಸ್ವಲ್ಪ ಇಳಿಸಿಟ್ಟ ಹಾಗೇ.

ಗಂಗಾವತಿ_ಹಂಬಕರ್

ರಾಯಚೂರಿನ ಅಣ್ಣಾರು ಎಪಿಫೋನ್‌ನ ಬದಿಗೆ ಸರಿಸಿಬಿಟ್ರು, ಅದಕ್ಕ ಒಂದೆರಡು ಮಾತು. ಸಣ್ಣ ಕೈಯವರಿಗೆ, ಬೆಂಡ್ ಜಾಸ್ತಿ ಮಾಡೋರಿಗೆ 24.75 ಸ್ಕೇಲ್ ಭಾಳ ಆರಾಮ್ ಐತ್ರಿ. ಬ್ರಿಡ್ಜ್ ಫಿಕ್ಸ್ ಇರೋದ್ರಿಂದ ಒಂದ್ ತಂತಿ ಹರದ್ರ ಉಳಿದ ಐದು ಶ್ರುತಿ ಬಿಡಂಗಿಲ್ಲ. ಆರ್ಕೆಸ್ಟ್ರಾ ನಡಬರಕ ತಂತಿ ಹರದಾಗ ಇದರ ಬೆಲಿ ಗೊತ್ತಾಕ್ಕೈತಿ. ಟ್ರೆಮೊಲೊ ಗಿಟಾರ್‌ನಾಗ ಹಂಗಲ್ಲ. ಒಂದ್ ತಂತಿ ಹೋದ್ರ ಹಿಂದಿನ ಸ್ಪ್ರಿಂಗ್ ಬ್ರಿಡ್ಜ್ ಎಳಕೊಂಡು ಎಲ್ಲಾ ತಂತಿ ಮ್ಯಾಲೇರ್ತಾವ.

ಹೆಡ್‌ಸ್ಟಾಕ್ ಮುರಿಯೋ ಮಾತು ಖರೇನ. ಕೊರಿಯರ್‌ನಾಗ ತರಸೋದಾದ್ರ ಎಪಿಫೋನ್ ಬ್ಯಾಡ, ಅಂಗಡಿಗೆ ಹೋಗಿ ಕೈಯಾಗ ಹಿಡಕೊಂಡು ಬರೋದಾದ್ರ ತಗೋರಿ. ಬಳ್ಳಾರಿಯಿಂದ ಹುಬ್ಬಳ್ಳಿ ರೈಲಿಗೆ ಹೋಗಿಬರೋದು ದೊಡ್ಡ ಮಾತಲ್ಲ.

ಪೆಸಿಫಿಕಾನೇ ತಗೊಂಡ್ರ, ಬಂದ ದಿನಾನ ಟ್ರೆಮೊಲೊ ಕಟ್ಟಿ ಹಾಕ್ರಿ. ಹಿಂದಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದ್ರ ಸ್ಪ್ರಿಂಗ್ ಹಿಡಿದಿರೋ ಕ್ಲಾ ಕಾಣ್ತೈತಿ, ಅದಕ್ಕ ಎರಡು ಉದ್ದನ ಸ್ಕ್ರೂ. ಎರಡನ್ನೂ ಅರ್ಧರ್ಧ ಸುತ್ತು ಸಮ ಸಮ ಬಿಗಿ ಮಾಡ್ಕೋತ ಹೋಗ್ರಿ. ಬ್ರಿಡ್ಜ್ ತಟ್ಟಿ ಪೂರಾ ಬಾಡಿ ಮ್ಯಾಲೆ ಕೂತಿಂದ ಇನ್ನೊಂದು ಸುತ್ತು. ಪ್ರತಿ ಸಲ ತಿರುಗಿಸಿಂದ ಶ್ರುತಿ ಮಾಡ್ರಿ, ಇಲ್ಲಾಂದ್ರ ಎಲ್ಲಿ ನಿಂತೀವಿ ತಿಳಿಯಂಗಿಲ್ಲ. ಇಷ್ಟಾದ್ರ ಅದೂ ಫಿಕ್ಸ್ ಬ್ರಿಡ್ಜ್ ಇದ್ದಂಗ.

ಬಳ್ಳಾರಿ_ಹೊಸಬ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೆಸಿಫಿಕಾ ಅಂತ ಮನಸ್ಸು ಗಟ್ಟಿ ಮಾಡೋ ಹೊತ್ತಿಗೆ ಊರಲ್ಲೇ ಸೆಕೆಂಡ್ ಹ್ಯಾಂಡ್ ಪೆಸಿಫಿಕಾ 112ವಿ ಒಂದು 15,000ಕ್ಕೆ ಇದೆ ಅಂತ ಗೊತ್ತಾಯ್ತು. 012 ಹೊಸದು ತಗೊಳ್ಳೋದಾ, 112ವಿ ಹಳೇದು ತಗೊಳ್ಳೋದಾ? ಹಳೇದನ್ನ ಏನೇನು ನೋಡಿ ತಗೋಬೇಕು? ನೆಕ್ ಹಿಂದೆ ಬೆಲ್ಟ್ ಬಕಲ್ ಗೀರು ಇದೆ, ನಡುವಿನ ಪಿಕಪ್ ಕೆಲಸ ಮಾಡ್ತಿಲ್ಲ ಅಂತ ಅವರೇ ಹೇಳಿದ್ದಾರೆ.

ರಾಯಚೂರು_ಫ್ರೆಟ್

ನೆಕ್ ಸರಿ ಇದ್ದರೆ 112ವಿ. ಆಲ್ಡರ್ ಬಾಡಿ, ಆಲ್ನಿಕೊ ಪಿಕಪ್, ಟೋನ್ ನಾಬ್ ಎಳೆದರೆ ಹಂಬಕರ್‌ನ ಒಂದು ಕಾಯಿಲ್ ಮಾತ್ರ ಉಳಿಯೋ ಕಾಯಿಲ್ ಸ್ಪ್ಲಿಟ್. 012ರಲ್ಲಿ ಇದಿಲ್ಲ. ಬಾಡಿ ಮೇಲಿನ ಗೀರು, ಬಕಲ್ ಉಜ್ಜಿದ ಗುರುತು ಯಾವುದೂ ಸದ್ದಿಗೆ ತೊಂದರೆ ಮಾಡೋದಿಲ್ಲ. ಆದರೆ ಬಕಲ್ ಗೀರು ಬೀಳೋದು ಬಾಡಿಯ ಬೆನ್ನಿಗೆ. ನೆಕ್ ಹಿಂದೆ ಇದೆ ಅಂತೀರಲ್ಲ, ಅದನ್ನ ಉಗುರಿನಲ್ಲಿ ಅಡ್ಡಕ್ಕೆ ಕೆರೆದು ನೋಡಿ. ಉಗುರು ಸಿಕ್ಕಿಕೊಂಡು, ಗೆರೆ ಮರದ ಎಳೆಯ ಉದ್ದಕ್ಕೇ ಓಡಿದ್ದರೆ ಅದು ಬಿರುಕಿರಬಹುದು. ಹಾಗಿದ್ದರೆ ಅಲ್ಲಿಗೇ ಕೈಮುಗಿದು ವಾಪಸ್ ಬನ್ನಿ.

ನೋಡಬೇಕಾದ್ದು ಈ ಕ್ರಮದಲ್ಲಿ. ಹಗಲು ಬೆಳಕಲ್ಲಿ ಹೋಗಿ. ಮೊದಲು ಶ್ರುತಿ ಮಾಡಿ, ಯಾಕಂದ್ರೆ ಸಡಿಲ ತಂತಿಯ ಗಿಟಾರ್ ನೆಕ್ ಯಾವುದನ್ನೂ ಹೇಳೋದಿಲ್ಲ. 9-42 ತಂತಿಯ (ಅತಿ ತೆಳು ತಂತಿ 0.009 ಇಂಚು, ಅತಿ ದಪ್ಪದ್ದು 0.042) ಒಂದು ಸೆಟ್ ಶ್ರುತಿಗೆ ಬಂದಾಗ ನೆಕ್ ಮೇಲೆ ಸುಮಾರು 38 ಕೆಜಿ ಎಳೆತ ಕೂತಿರುತ್ತೆ, 10-46 ಆದರೆ ಸುಮಾರು 47 ಕೆಜಿ. ಆ ಭಾರ ಹೊತ್ತಾಗ ನೆಕ್ ಹೇಗಿರುತ್ತೆ ಅನ್ನೋದೇ ಲೆಕ್ಕ.

ಈಗ ರಿಲೀಫ್, ಅಂದ್ರೆ ನೆಕ್‌ಗೆ ಇರಬೇಕಾದ ಸಣ್ಣ ಮುಂಬಾಗು. ಆರನೇ ತಂತಿಯನ್ನು ಎಡಗೈಯಲ್ಲಿ ಮೊದಲ ಫ್ರೆಟ್‌ನಲ್ಲಿ ಒತ್ತಿ, ಬಲಗೈ ಹೆಬ್ಬೆರಳಿನಲ್ಲಿ ಕೊನೆಯ ಫ್ರೆಟ್ ಹತ್ತಿರ ಒತ್ತಿ. ಈಗ ತಂತಿಯೇ ನೇರ ಪಟ್ಟಿ. ಏಳು, ಎಂಟನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಾಣಬೇಕು. ಫೀಲರ್ ಗೇಜ್‌ನ 0.25 ಮಿ.ಮೀ. ಎಲೆ ತಂತಿಯನ್ನು ಎತ್ತದೆ, ಸವರಿಕೊಂಡು ಒಳಗೆ ಹೋದರೆ ಸರಿ. ಎಲೆ ಆಡೋವಷ್ಟು ಜಾಗ ಇದ್ದರೆ ನೆಕ್ ಮುಂದಕ್ಕೆ ಬಾಗಿದೆ. ಬೆಳಕೇ ಕಾಣದೆ ತಂತಿ ಅಂಟಿಕೊಂಡಿದ್ದರೆ ಹಿಂದಕ್ಕೆ ಬಾಗಿದೆ. ಎರಡೂ ಟ್ರಸ್ ರಾಡ್‌ನಿಂದ ಸರಿಹೋಗೋ ವಿಷಯ, ಆದರೆ ರಾಡ್ ತಿರುಗುತ್ತಾ ಅಂತ ಅಲ್ಲೇ ನೋಡಬೇಕು. ಮಾರೋರ ಒಪ್ಪಿಗೆ ಕೇಳಿ ಅಲೆನ್ ಕೀ ಹಾಕಿ, ಗಡಿಯಾರದ ದಿಕ್ಕಿಗೆ ಎಂಟನೇ ಒಂದು ಸುತ್ತು ಮಾತ್ರ. ಅಷ್ಟಕ್ಕೇ ಬಿಗಿಯಾಗಿ ನಿಂತು ಕಿರ್ ಅಂದರೆ ಒತ್ತಾಯ ಮಾಡಬೇಡಿ, ಆ ಗಿಟಾರ್ ಬಿಟ್ಟುಬಿಡಿ. ಈ ದರದ ಗಿಟಾರಿಗೆ ರಾಡ್ ಬದಲಿಸೋ ಖರ್ಚು ಹಾಕೋದ್ರಲ್ಲಿ ಅರ್ಥ ಇಲ್ಲ.

ಆಮೇಲೆ ಫ್ರೆಟ್. ಹಳೇ ಎಟಿಎಂ ಕಾರ್ಡ್ ಒಂದು ಜೇಬಲ್ಲಿರಲಿ. ಅದರ ನೇರ ಅಂಚನ್ನು ಒಂದೇ ಸಲ ಮೂರು ಫ್ರೆಟ್‌ಗಳ ಮೇಲೆ ಮಾತ್ರ ಕೂರುವಂತೆ ನಿಲ್ಲಿಸಿ, ಎರಡು ತುದಿಯನ್ನೂ ಬೆರಳಲ್ಲಿ ಮೆಲ್ಲಗೆ ಒತ್ತಿ. ಬಾಡಿ ಕಡೆಯ ಫ್ರೆಟ್‌ಗಳು ಹತ್ತಿರ ಹತ್ತಿರ ಇರೋದ್ರಿಂದ ಅಲ್ಲಿ ಕಾರ್ಡಿನ ಗಿಡ್ಡ ಅಂಚು, ಹೆಡ್‌ಸ್ಟಾಕ್ ಕಡೆ ಉದ್ದ ಅಂಚು. ಕಾರ್ಡ್ ಕಟಕ್ ಕಟಕ್ ಅಂತ ಅತ್ತಿತ್ತ ತೂಗಿದರೆ ನಡುವಿನ ಫ್ರೆಟ್ ಎತ್ತರ ಇದೆ. ಒಂದೆರಡು ಫ್ರೆಟ್ ಎದ್ದಿದ್ದರೆ ಮರದ ಕಟ್ಟಿಗೆ ತುಂಡು ಇಟ್ಟು ತಟ್ಟಿ ಕೂರಿಸಬಹುದು. ಏಳೆಂಟು ಕಡೆ ತೂಗಿದರೆ ಫ್ರೆಟ್ ಲೆವೆಲಿಂಗ್ ಬೇಕು, ಅದಕ್ಕೆ ಹುಬ್ಬಳ್ಳಿ, ಬೆಂಗಳೂರು, ಹೈದರಾಬಾದ್ ಕಡೆ ಓಡಾಡಬೇಕಾದೀತು. ಆ ಖರ್ಚು ದರದಲ್ಲಿ ಕಳೆಯಿರಿ. ಮೊದಲ ಮೂರು ಫ್ರೆಟ್‌ಗಳಲ್ಲಿ ತೆಳು ತಂತಿಗಳ ಕೆಳಗೆ ತಗ್ಗು ಬಿದ್ದಿದೆಯಾ ಅಂತಲೂ ಬೆರಳುಗುರು ಎಳೆದು ನೋಡಿ.

ಕೊನೆಗೆ ಮೊದಲ ತಂತಿಯನ್ನ 12ರಿಂದ 17ನೇ ಫ್ರೆಟ್‌ವರೆಗೆ ಒಂದೊಂದರಲ್ಲೂ ಪೂರ್ತಿ ಒಂದು ಸ್ವರ ಬೆಂಡ್ ಮಾಡಿ. ಬೆಂಡ್‌ನ ನಡುವೆ ಸದ್ದು ಉಸಿರು ಕಟ್ಟಿದ ಹಾಗೆ ಸತ್ತರೆ ಮುಂದಿನ ಯಾವುದೋ ಫ್ರೆಟ್‌ಗೆ ತಾಗ್ತಿದೆ.

ಕೊಪ್ಪಳ_ವೈರ್‌ಮನ್

ಸತ್ತ ಪಿಕಪ್‌ಗೆ ಮಲ್ಟಿಮೀಟರ್ ಒಯ್ಯಿರಿ. ಗಿಟಾರ್‌ಗೆ ಕೇಬಲ್ ಚುಚ್ಚಿ, ವಾಲ್ಯೂಮ್, ಟೋನ್ ಎರಡೂ ಪೂರ್ತಿ ಏರಿಸಿ. ಮೀಟರ್ 20ಕೆ ಓಮ್‌ಗೆ ಇಟ್ಟು, ಕೇಬಲ್‌ನ ಇನ್ನೊಂದು ತುದಿಯ ಮೊನೆಗೆ ಒಂದು ಕಡ್ಡಿ, ತೋಳಿಗೆ (ಮೊನೆಯ ಹಿಂದಿನ ಉದ್ದನೆ ಲೋಹದ ಭಾಗಕ್ಕೆ) ಇನ್ನೊಂದು. ಸ್ವಿಚ್ ಐದೂ ಸ್ಥಾನಕ್ಕೆ ಹಾಕಿ ಬರೆದುಕೊಳ್ಳಿ. ಸಿಂಗಲ್ ಕಾಯಿಲ್ ಸಾಮಾನ್ಯವಾಗಿ 5ರಿಂದ 7 ಕಿಲೋಓಮ್, ಹಂಬಕರ್ 7ರಿಂದ ಮೇಲೆ. ಎರಡು ಪಿಕಪ್ ಸೇರೋ ಎರಡನೇ, ನಾಲ್ಕನೇ ಸ್ಥಾನದಲ್ಲಿ ಎರಡೂ ಪ್ಯಾರಲಲ್ ಆಗಿ ಓದು ಇಳಿಯಬೇಕು. ಒಂಟಿ ಸ್ಥಾನದ್ದೇ ಅಂಕಿ ಅಲ್ಲೂ ಬಂದರೆ ಜೊತೆಗಾರ ಸತ್ತಿದ್ದಾನೆ.

ಮಧ್ಯದ ಪಿಕಪ್ ಮಾತ್ರ ಇರೋ ಸ್ಥಾನದಲ್ಲಿ 20ಕೆ ರೇಂಜ್‌ನಲ್ಲಿ ಮೀಟರ್ 1 (ಅಳತೆ ಮೀರಿದೆ ಅಂತ) ತೋರಿಸಿ, ದೊಡ್ಡ ರೇಂಜ್‌ಗೆ ಹಾಕಿದಾಗ 200 ಕಿಲೋಓಮ್ ಮೇಲಿನ ಓದು ಬಂದರೆ, ಪಿಕಪ್ ಸರ್ಕ್ಯೂಟ್‌ನಲ್ಲೇ ಇಲ್ಲ, ನೀವು ಅಳೀತಿರೋದು ವಾಲ್ಯೂಮ್ ಪಾಟ್ (ವಾಲ್ಯೂಮ್ ನಾಬ್ ಕೆಳಗಿನ ರೆಸಿಸ್ಟರ್). ಅಂದ್ರೆ ಸ್ವಿಚ್ಚಿನ ಬೆಸುಗೆ ಬಿಟ್ಟಿರಬಹುದು, ಅಥವಾ ಕಾಯಿಲ್ ಒಳಗೇ ಹರಿದಿರಬಹುದು. ಎರಡನ್ನೂ ಬೇರೆ ಮಾಡೋಕೆ ಪಿಕ್‌ಗಾರ್ಡ್ ಎತ್ತಿ ಪಿಕಪ್‌ನದೇ ಎರಡು ತಂತಿಗಳ ಮೇಲೆ ನೇರ ಅಳೀಬೇಕು. 6 ಕಿಲೋಓಮ್ ಆಸುಪಾಸು ಬಂದರೆ ಕಾಯಿಲ್ ಬದುಕಿದೆ, ಸ್ವಿಚ್ ಹತ್ತಿರ ಒಂದು ಹನಿ ಸೀಸದ ಬೆಸುಗೆಯಲ್ಲಿ ಮುಗೀತು. ಮೊಬೈಲ್ ರಿಪೇರಿ ಅಂಗಡಿಯವರೂ ಮಾಡಿಕೊಡಬಲ್ಲ ಕೆಲಸ. ಏನೂ ಬರದಿದ್ದರೆ ಪಿಕಪ್ ಬದಲಿಸಬೇಕು. ಹೊಸದು ಹಾಕುವಾಗ ಮಧ್ಯದ್ದು ಆರ್‌ಡಬ್ಲ್ಯುಆರ್‌ಪಿ, ಅಂದ್ರೆ ತಿರುವು ಸುತ್ತು, ತಿರುವು ಧ್ರುವ ಇರುವುದನ್ನೇ ಕೇಳಿ. ಆಗ ನೆಕ್ ಪಿಕಪ್ ಜೊತೆ ಸೇರಿದಾಗ ಗುಂಗು ಒಂದನ್ನೊಂದು ಹೊಡೆದುಹಾಕುತ್ತೆ.

ಸತ್ತ ಪಿಕಪ್ ಅಂದ್ರೆ ದರ ಇಳಿಸೋಕೆ ಒಳ್ಳೇ ಕಾರಣ, ಬಿಟ್ಟು ಬರೋಕೆ ಕಾರಣ ಅಲ್ಲ. ನಾಬ್ ತಿರುಗಿಸಿದಾಗ ಕರಕರ ಅಂದರೂ ಅಷ್ಟೇ, ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮುಕು ಹಾಕಿ ಇಪ್ಪತ್ತು ಸಲ ತಿರುಗಿಸಿದರೆ ಹೋಗುತ್ತೆ. ಜ್ಯಾಕ್ ಅಲುಗಾಡ್ತಿದ್ದರೆ ಹೊರಗಿನ ನಟ್ ಮಾತ್ರ ಬಿಗಿ ಮಾಡಬೇಡಿ, ಒಳಗೆ ಜ್ಯಾಕೇ ಸುತ್ತಿ ತಂತಿ ಹರಿಯುತ್ತೆ. ಒಳಗಡೆ ಹಿಡಿದುಕೊಂಡು ಬಿಗಿ ಮಾಡಿ.

ಬಳ್ಳಾರಿ_ಹೊಸಬ

ಹೋಗಿ ಎಲ್ಲ ಅಳೆದೆ. ನೆಕ್ ಹಿಂದಿನದು ಬರೀ ಬಣ್ಣದ ಗೀರು, ಉಗುರು ಸಿಗಲಿಲ್ಲ. 0.25 ಎಲೆ ಹೋಗೋದೇ ಇಲ್ಲ, ತಂತಿ ಫ್ರೆಟ್‌ಗೆ ಅಂಟಿದೆ, ಮೊದಲ ನಾಲ್ಕು ಫ್ರೆಟ್ ಝರ್ ಅನ್ನುತ್ತೆ. ರಾಡ್ ಸಲೀಸಾಗಿ ತಿರುಗುತ್ತೆ. ಕಾರ್ಡ್ 14ನೇ ಫ್ರೆಟ್‌ನಲ್ಲಿ ಮಾತ್ರ ತೂಗುತ್ತೆ. ಫ್ರೆಟ್ ತುದಿಗಳು ಚುಚ್ತವೆ. ಬ್ರಿಡ್ಜ್ ಹಂಬಕರ್ ಚೆನ್ನಾಗಿದೆ, ನೆಕ್ ಪಿಕಪ್ 5.9, ಮಧ್ಯದ್ದು ಸ್ವಿಚ್ ಮೂಲಕ ಸತ್ತಿದೆ, ಪಿಕ್‌ಗಾರ್ಡ್ ಎತ್ತಿ ಅಳೆದರೆ 6.1. ಅವರು 13,000ಕ್ಕೆ ಇಳಿದಿದ್ದಾರೆ.

ರಾಯಚೂರು_ಫ್ರೆಟ್

ತಗೊಳ್ಳಿ. ಎಲ್ಲವೂ ಮನೆಯಲ್ಲೇ ಸರಿಹೋಗೋ ವಿಷಯ.

ಹೊಸ ಹತ್ತನೇ ನಂಬರ್ (10-46) ತಂತಿ ಹಾಕಿದರೆ ಹೆಚ್ಚು ಎಳೆತಕ್ಕೆ ನೆಕ್ ತಾನೇ ಮುಂದೆ ಬರುತ್ತೆ ಅಂತ ಯಾರಾದರೂ ಹೇಳ್ತಾರೆ, ಅದು ಬೇಡ. ಅಕೌಸ್ಟಿಕ್ ಕೈಯಾದರೂ 9-42 ಹಾಕಿ. ರಾಡ್ ಅನ್ನು ಗಡಿಯಾರಕ್ಕೆ ಎದುರು ದಿಕ್ಕಿಗೆ ಕಾಲು ಸುತ್ತು ಸಡಿಲಿಸಿ, ಶ್ರುತಿ ಮಾಡಿ, ಒಂದು ರಾತ್ರಿ ಬಿಡಿ. ಮರ ಕೂಡಲೇ ಪೂರ್ತಿ ತಿರುಗೋದಿಲ್ಲ. ಬೆಳಗ್ಗೆ ಎಲೆ ಹಾಕಿ ನೋಡಿ, ಬೇಕಿದ್ದರೆ ಇನ್ನೊಂದು ಎಂಟನೇ ಒಂದು ಸುತ್ತು. ರಿಲೀಫ್ ಕೂತ ಮೇಲೆ ಸ್ಯಾಡಲ್‌ಗಳ (ಬ್ರಿಡ್ಜ್ ಮೇಲೆ ಒಂದೊಂದು ತಂತಿ ಕೂರೋ ತುಣುಕುಗಳ) ಎತ್ತರ: 17ನೇ ಫ್ರೆಟ್ ಮೇಲೆ ಉಕ್ಕಿನ ಸ್ಕೇಲ್ ನಿಲ್ಲಿಸಿದರೆ ತಂತಿಯ ತಳ 1.6 ಮಿ.ಮೀ. ಹತ್ತಿರ ಇರಲಿ. ಝರ್ ಅಂದರೆ ಕಾಲು ಸುತ್ತು ಏರಿಸಿ. ಇಂಟೊನೇಷನ್, ಅಂದ್ರೆ ಒತ್ತಿದ ಸ್ವರಗಳ ಶ್ರುತಿ, ಕೊನೆಗೆ. 12ನೇ ಫ್ರೆಟ್‌ನ ಹಾರ್ಮೋನಿಕ್ ಮತ್ತು ಒತ್ತಿದ ಸ್ವರ ಟ್ಯೂನರ್‌ನಲ್ಲಿ ಒಂದೇ ತೋರಿಸಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಈ ಕ್ರಮ ತಪ್ಪಿಸಿ ಮೊದಲೇ ಇಂಟೊನೇಷನ್‌ಗೆ ಕೈಹಾಕಿದರೆ ಎರಡೆರಡು ಸಲ ಮಾಡ್ತೀರಿ.

ಫ್ರೆಟ್ ತುದಿ ಚುಚ್ಚೋದು ಈಗ ಗೊತ್ತಾಗಿದ್ದು ಒಳ್ಳೇದೇ ಆಯ್ತು. ಮರ ಅತಿ ಒಣಗಿರೋ ಬೇಸಿಗೆಯಲ್ಲಿ ಅರ ಹಾಕಿಬಿಟ್ಟರೆ ಮಳೆಗಾಲದಲ್ಲಿ ಮರ ಉಬ್ಬಿದರೂ ತೊಂದರೆ ಇಲ್ಲ, ಮುಂದಿನ ಬೇಸಿಗೆಯಲ್ಲೂ ಅಷ್ಟಾಗಿ ಹೊರಗೆ ಬರೋದಿಲ್ಲ. ಮಳೆಗಾಲದಲ್ಲಿ ಅರ ಹಾಕಿದರೆ ಮತ್ತೆ ಮಾರ್ಚ್‌ಗೆ ಚುಚ್ಚುತ್ತೆ. ಪಿಕಪ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಇಲ್ಲವಾದರೆ ಲೋಹದ ಪುಡಿ ಪಿಕಪ್ ಒಳಗೆ ಸೇರಿಕೊಳ್ಳುತ್ತೆ. ಸಣ್ಣ ಹಲ್ಲಿನ ಚಪ್ಪಟೆ ಅರವನ್ನು ನೆಕ್‌ನ ಅಂಚಿಗೆ ಒರಗಿಸಿ, ಉದ್ದಕ್ಕೆ, ಒಂದೇ ದಿಕ್ಕಿಗೆ ಎಳೀರಿ. ಬೆರಳಿಗೆ ತಾಗೋದು ನಿಂತ ಕೂಡಲೇ ನಿಲ್ಲಿಸಿ 400 ನಂಬರ್ ಪೇಪರ್, ಆಮೇಲೆ 1000. 14ನೇ ಫ್ರೆಟ್ ಅನ್ನು ಸದ್ಯ ಮುಟ್ಟಬೇಡಿ. 1.6 ಎತ್ತರದಲ್ಲಿ 13ನೇ ಫ್ರೆಟ್ ಒತ್ತಿ ನುಡಿಸಿದಾಗ ಸದ್ದು ಸತ್ತರೆ ಆಗ ನೋಡೋಣ.

ಬಳ್ಳಾರಿ_ಹೊಸಬ

ಆಯ್ತು ಅಣ್ಣ, ನಾಳೆ ಹಣ ಕೊಟ್ಟು ತರ್ತೀನಿ. ಉಳಿದ 12,000ದಲ್ಲಿ ಆಂಪಿಗೆ 6, ಬೆಸುಗೆ, ಕೇಬಲ್, ಬ್ಯಾಗ್, ತಂತಿಗೆ 3, ಇನ್ನೂ 3 ಉಳಿಯುತ್ತೆ. ಅದನ್ನ ಪಿಕಪ್‌ಗೆ ಹಾಕಲಾ?

ಕೊಪ್ಪಳ_ವೈರ್‌ಮನ್

ಪಿಕಪ್ ಬದುಕಿದೆಯಲ್ಲ, ಯಾಕೆ ಹಾಕ್ತೀರಿ. ಮನೆಯ ಸಾಕೆಟ್‌ಗೆ ಅರ್ಥ್ ಬರ್ತಿದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಇಲ್ಲದಿದ್ದರೆ ಆ ದುಡ್ಡಲ್ಲಿ ಮೊದಲು ಅರ್ಥಿಂಗ್ ಮಾಡಿಸಿ. ಉಳಿದರೆ ಮಲ್ಟಿ ಎಫೆಕ್ಟ್ಸ್‌ಗೆ ಕೂಡಿಡಿ.